ಸಹಾಯ ಬೇಕು: ರಕ್ತನಾಳದ ಕವಲುಗಳಲ್ಲಿ ಘನದ ಲೆಕ್ಕವೋ, ವರ್ಗದ ಲೆಕ್ಕವೋ?

ಎಲ್ಲರಿಗೂ ನಮಸ್ಕಾರ. ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರ ಹತ್ತನೆಯ ತರಗತಿಯ ಮಕ್ಕಳಿಗಾಗಿ ರಕ್ತಪರಿಚಲನೆಯ ಟಿಪ್ಪಣಿ ಬರೆಯುತ್ತಾ ಒಂದೆಡೆ ಸಿಕ್ಕಿಕೊಂಡಿದ್ದೇನೆ.

ನಾಳದ ತ್ರಿಜ್ಯ ಅರ್ಧವಾದರೆ ಹರಿವಿನ ತಡೆ 16 ಪಟ್ಟಾಗುತ್ತದೆ; ರಕ್ತವನ್ನು ತಳ್ಳಲು ಹೃದಯ ಹೆಚ್ಚು ಶಕ್ತಿ ವ್ಯಯಿಸಬೇಕಾಗುತ್ತದೆ. ಹಾಗೆಂದು ನಾಳಗಳನ್ನೆಲ್ಲ ಅಗಲವಾಗಿಸಿದರೆ, ಅವುಗಳಲ್ಲಿ ತುಂಬುವ ಹೆಚ್ಚಿನ ರಕ್ತವನ್ನು ಉತ್ಪಾದಿಸಿ ಕಾಪಾಡಲು ದೇಹ ಶಕ್ತಿ ವ್ಯಯಿಸಬೇಕು. ಈ ಎರಡು ಖರ್ಚುಗಳ ಮೊತ್ತ ಕನಿಷ್ಠವಾಗಬೇಕಾದರೆ ಮೂಲನಾಳದ ತ್ರಿಜ್ಯದ ಘನವು ಕವಲುಗಳ ತ್ರಿಜ್ಯಗಳ ಘನಗಳ ಮೊತ್ತಕ್ಕೆ ಸಮನಾಗಿರಬೇಕೆಂದು ಶರೀರಕ್ರಿಯಾ ವಿಜ್ಞಾನಿ ಸೆಸಿಲ್ ಮರ್ರೆ 1926ರಲ್ಲಿ ತೋರಿಸಿದರು. ಕಾಗದದ ಮೇಲೆ ಮಾಡಿ ನೋಡಿದೆ: ಎರಡು ಸಮಾನ ಕವಲುಗಳಾದರೆ ಪ್ರತಿಯೊಂದರ ತ್ರಿಜ್ಯ ಮೂಲದ ಸುಮಾರು 0.79ರಷ್ಟು, ಒಟ್ಟು ಅಡ್ಡಕೊಯ್ತದ ವಿಸ್ತೀರ್ಣ 1.26 ಪಟ್ಟು. ಇಲ್ಲಿಯವರೆಗೆ ತೊಡಕಿಲ್ಲ.

ಆದರೆ ಮಹಾಪಧಮನಿಯ ದೊಡ್ಡ ಕವಲುಗಳಲ್ಲಿ ಈ ಸೂತ್ರದ ತ್ರಿಜ್ಯದ ಘಾತಾಂಕ (ಘನವಾದರೆ 3, ವರ್ಗವಾದರೆ 2) 3ಕ್ಕಿಂತ 2ಕ್ಕೆ ಹತ್ತಿರವಿರುತ್ತದೆ ಎಂದು ಓದಿದೆ. ನಾಡಿಯ ಅಲೆಗಳು ಕವಲಿನಲ್ಲಿ ಹಿಂದಕ್ಕೆ ಪ್ರತಿಫಲಿಸದಿರಲಿ ಎಂಬುದು ಅದಕ್ಕೆ ಕೊಡುವ ಕಾರಣ. ಪರಿಚಯದ ವೈದ್ಯರೊಬ್ಬರು ಇದನ್ನು ಒಪ್ಪಿದರಾದರೂ ಹೆಚ್ಚು ವಿವರಿಸಲಿಲ್ಲ. ಅವರಿಗೂ ರೋಗಿಗಳು ಕಾಯುತ್ತಿದ್ದರು.

ನನ್ನ ಪ್ರಶ್ನೆ ಇಷ್ಟೇ: ಪ್ರತಿಫಲನ ತಗ್ಗಿಸುವುದೂ ಹೃದಯದ ಶಕ್ತಿಯನ್ನು ಉಳಿಸುವ ಮಾರ್ಗವೇ ಆಗಿದ್ದು, ಮರ್ರೆಯವರ ಲೆಕ್ಕ ಏಕರೀತಿಯ ಹರಿವನ್ನು ಮಾತ್ರ ಪರಿಗಣಿಸಿದ್ದರಿಂದ ಉತ್ತರ ಬೇರೆಯಾಯಿತೇ, ಅಥವಾ ದೊಡ್ಡ ನಾಳಗಳಲ್ಲಿ ಶಕ್ತಿಯ ಉಳಿತಾಯಕ್ಕಿಂತ ಬೇರೆಯದೇ ಉದ್ದೇಶ ಮುಖ್ಯವೇ? ಬಲ್ಲವರು ದಯವಿಟ್ಟು ತಿಳಿಸಿ.