ಮರಿಯ ಕಣ್ಣಿನ ಲೆನ್ಸ್ ಮುದಿ ಆಡಿನದಕ್ಕಿಂತ ಜಾಸ್ತಿ ಬೆಳಕು ಚದುರಿಸುತ್ತಿದೆ, ರೀಡಿಂಗ್ ಒಂದೆಡೆ ನಿಲ್ಲುತ್ತಿಲ್ಲ

ತೊಗರಿನಾಡು_ಫೋಟಾನ್ (ಕಲಬುರಗಿ)
ಸಾಕಾಗಿ ಹೋಗಿದೆ, ಯಾರಾದರೂ ದಾರಿ ತೋರಿಸಿ. ವಯಸ್ಸಾದಂತೆ ಲೆನ್ಸ್ ಎಷ್ಟು ಮಬ್ಬಾಗುತ್ತದೆ ಅಂತ ಎಂ.ಎಸ್ಸಿ. ಪ್ರಾಜೆಕ್ಟಿಗೆ ಅಳೆಯುತ್ತಿದ್ದೇನೆ. ಮಟನ್ ಅಂಗಡಿಯಿಂದ ಆಡಿನ ಕಣ್ಣು, 650 ನ್ಯಾನೋಮೀಟರ್ ಕೆಂಪು ಲೇಸರ್, ಪಕ್ಕಕ್ಕೆ ಚದುರಿದ ಬೆಳಕು ಅಳೆಯಲು 90 ಡಿಗ್ರಿಯಲ್ಲಿ ಫೋಟೋಡಯೋಡ್. ಮುದಿ ಆಡಿನ ಲೆನ್ಸೇ ಜಾಸ್ತಿ ಚದುರಿಸಬೇಕು, ಅಲ್ವಾ? ಇಲ್ಲಿ ಎಲ್ಲ ಉಲ್ಟಾ. ಮರಿಯ ಲೆನ್ಸ್ ಇಟ್ಟ ಕೂಡಲೇ ಮೀಟರ್ ಮೇಲಕ್ಕೆ ಜಿಗಿಯುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತಾ ಹೋಗುತ್ತದೆ. ಮುದಿ ಆಡಿನದು ಅಲುಗುವುದೇ ಇಲ್ಲ. ಮುಂದಿನ ವಾರ ಗೈಡ್‌ಗೆ ಗ್ರಾಫ್ ತೋರಿಸಬೇಕು.

ಸುರಪುರ_ಸೋಲ್ಡರ್ (ಯಾದಗಿರಿ)
ಲೇಸರ್ ಬಿಸಿಯಾಗುತ್ತಿದೆ ತಮ್ಮಾ. ಲೇಸರ್ ಡಯೋಡ್ ಕಾದರೆ ಪವರ್ ಬೀಳುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಕೇಳಲೇಬೇಡ. ಬಿಸಿ ಎಳೆದುಕೊಳ್ಳುವ ಹೀಟ್ ಸಿಂಕ್ ಹಾಕು, ಅರ್ಧ ಗಂಟೆ ಮೊದಲೇ ಆನ್ ಮಾಡಿಡು.

ತೊಗರಿನಾಡು_ಫೋಟಾನ್
ಸರ್, ಮುದಿ ಆಡಿನ ಲೆನ್ಸಿಗೂ ಅದೇ ಲೇಸರ್. ಅದು ಯಾಕೆ ಇಳಿಯುವುದಿಲ್ಲ? ಬೀಮ್ ಸ್ಪ್ಲಿಟರ್ ಹಾಕಿ ಬೆಳಕನ್ನು ಎರಡಾಗಿ ಒಡೆದು, ಇನ್ನೊಂದು ಫೋಟೋಡಯೋಡ್‌ನಲ್ಲಿ ಲೇಸರ್ ಪವರ್ ನೋಡುತ್ತಲೇ ಇದ್ದೇನೆ, ಅದು ಸರಿಯಾಗಿದೆ.

ಸುರಪುರ_ಸೋಲ್ಡರ್
ಬೆಳಕು ಜಾಸ್ತಿಯಾಗಿ ಆ ಡಯೋಡ್ ಸ್ಯಾಚುರೇಟ್ ಆಗಿದ್ದರೆ, ಅಂದರೆ ರೀಡಿಂಗ್ ಗರಿಷ್ಠದಲ್ಲೇ ನಿಂತಿದ್ದರೆ, ಏನೂ ಗೊತ್ತಾಗುವುದಿಲ್ಲ. ಬೆಳಕು ಕಡಿಮೆ ಮಾಡುವ ಎನ್‌ಡಿ ಫಿಲ್ಟರ್ ಹಾಕಿ ನೋಡು. ನಾನಂತೂ ಡಯೋಡ್ ಲೇಸರ್ ಬಿಟ್ಟೆ. ಹೈದರಾಬಾದಿನ ಗುಜರಿಯಲ್ಲಿ ಹೀಲಿಯಂ-ನಿಯಾನ್ ಲೇಸರ್ ಟ್ಯೂಬ್ ಸಿಕ್ಕಿತು, 632.8 ನ್ಯಾನೋಮೀಟರ್. ಶಹಾಬಾದ್ ಫರಸಿ ಮೇಲೆ ಕೂರಿಸಿ, ಕೆಳಗೆ ಗಾಳಿ ತುಂಬಿದ ಸ್ಕೂಟರ್ ಟ್ಯೂಬ್ ಇಟ್ಟಿದ್ದೇನೆ. ಹೊರಗೆ ಟ್ರ್ಯಾಕ್ಟರ್ ಹೋದರೂ ಚುಕ್ಕೆ ನಡುಗುವುದಿಲ್ಲ.

ಭಾಲ್ಕಿ_ಬೆಳಕು (ಬೀದರ್)
ಕೆಂಪು ಯಾಕೆ? 532 ನ್ಯಾನೋಮೀಟರಿನ ಹಸಿರು ಹಾಕಿ. ತರಂಗ ಚಿಕ್ಕದಾದಷ್ಟೂ ಚದುರಿಕೆ ಜಾಸ್ತಿ ಅನ್ನುವ ರೇಲೀ ನಿಯಮದ ಪ್ರಕಾರ ಸುಮಾರು 2.2 ಪಟ್ಟು ಜಾಸ್ತಿ ಚದುರುತ್ತದೆ.

ಸುರಪುರ_ಸೋಲ್ಡರ್
ಅಗ್ಗದ ಹಸಿರು ಪಾಯಿಂಟರ್‌ಗಳಿಂದ ಕಣ್ಣಿಗೆ ಕಾಣದ 808 ಮತ್ತು 1064 ನ್ಯಾನೋಮೀಟರ್ ಇನ್‌ಫ್ರಾರೆಡ್ ಬೆಳಕೂ ಸೋರುತ್ತದೆ. ಸಿಲಿಕಾನ್ ಫೋಟೋಡಯೋಡ್ ಅದನ್ನೂ ಎಣಿಸುತ್ತದೆ. ಸುಮ್ನೆ ಹುಡುಗನ ತಲೆ ಕೆಡಿಸಬೇಡಿ.

ಭಾಲ್ಕಿ_ಬೆಳಕು
ಇನ್‌ಫ್ರಾರೆಡ್ ಫಿಲ್ಟರ್ ಹಾಕಿದರೆ ಮುಗಿಯಿತು. ಆ ನಿಯಮ ಬೆಳಕಿನ ತರಂಗಕ್ಕಿಂತ ತುಂಬಾ ಚಿಕ್ಕ ಕಣಗಳಿಗೆ ಮಾತ್ರ ನಡೆಯುತ್ತದೆ. ಮುದಿ ಲೆನ್ಸಿನಲ್ಲಿ ಪ್ರೊಟೀನ್ ಗಡ್ಡೆ ಕಟ್ಟಿ ದೊಡ್ಡದಾಗಿದ್ದರೆ 2.2 ಬರುವುದೇ ಇಲ್ಲ. ಅದು ಗೊತ್ತಾಗಲಿಕ್ಕೇ ಎರಡು ಬಣ್ಣ ಬೇಕು ಅಂದದ್ದು.

ಪಶುವೈದ್ಯೆ_ಬೀದರ್
ಲೇಸರ್ ವಿಷಯ ಸ್ವಲ್ಪ ಬದಿಗಿಡಿ. ಕಣ್ಣುಗಳನ್ನು ಎಲ್ಲಿ ಇಟ್ಟಿರುತ್ತೀರಿ?

ತೊಗರಿನಾಡು_ಫೋಟಾನ್
ಫ್ರಿಜ್‌ನಲ್ಲಿ ಮೇಡಂ, ಲೆನ್ಸ್ ತೆಗೆದು ಸಲೈನ್ ಡಬ್ಬಿಯಲ್ಲಿ. ಬೆಳಗ್ಗೆ ತರುತ್ತೇನೆ, ಲ್ಯಾಬ್ ಖಾಲಿಯಾಗುವುದು ಸಂಜೆ. ಎಲ್ಲರೂ ಹಾಗೇ ಇಡುತ್ತಾರಲ್ಲ?

ಪಶುವೈದ್ಯೆ_ಬೀದರ್
ಸಮಸ್ಯೆ ಅಲ್ಲೇ ಇದೆ. ಇದಕ್ಕೆ ಕೋಲ್ಡ್ ಕ್ಯಾಟರಾಕ್ಟ್, ಅಂದರೆ ತಂಪಿನಿಂದ ಲೆನ್ಸ್ ಮಬ್ಬಾಗುವುದು, ಅನ್ನುತ್ತಾರೆ. ಲೆನ್ಸಿನ ತೂಕದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಪ್ರೊಟೀನೇ. ಅಷ್ಟು ಒತ್ತೊತ್ತಾಗಿ ತುಂಬಿರುವುದರಿಂದ ಅಕ್ಕಪಕ್ಕದ ಕಣಗಳು ಚದುರಿಸಿದ ಬೆಳಕು ಒಂದನ್ನೊಂದು ಅಳಿಸುತ್ತದೆ, ಲೆನ್ಸ್ ತಿಳಿಯಾಗಿ ಕಾಣುತ್ತದೆ. ಕಣ್ಣು ಪಾರದರ್ಶಕವಾಗಿರುವುದು ಹೇಗೆ ಅಂತ 1971ರಲ್ಲಿ ಬೆನೆಡೆಕ್ ಎಂಬ ಭೌತವಿಜ್ಞಾನಿ ಲೆಕ್ಕ ಹಾಕಿ ತೋರಿಸಿದರು. ಮರಿಯ ಲೆನ್ಸಿನ ನಡುಭಾಗದಲ್ಲಿ ಗಾಮಾ ಕ್ರಿಸ್ಟಲಿನ್ ಅನ್ನುವ ಪ್ರೊಟೀನ್ ಜಾಸ್ತಿ. ತಂಪಾದಾಗ ಅದು ಪ್ರೊಟೀನ್ ಹೆಚ್ಚಿರುವ ಕಡೆ, ಕಡಿಮೆ ಇರುವ ಕಡೆ ಅಂತ ಬೇರೆಬೇರೆಯಾಗುತ್ತದೆ. ಆಗ ಬೆಳಕು ಚದುರುತ್ತದೆ. ಬೆಚ್ಚಗಾದರೆ ಮತ್ತೆ ತಿಳಿಯಾಗುತ್ತದೆ, ನಿಮ್ಮ ಮೀಟರ್ ಇಳಿಯುವುದು ಅದಕ್ಕೇ. ವಯಸ್ಸಾದಂತೆ ಹೀಗೆ ಮಬ್ಬಾಗುವ ತಾಪಮಾನ ಕೆಳಗೆ ಹೋಗುತ್ತದೆ, ಹಾಗಾಗಿ ಮುದಿ ಆಡಿನ ಲೆನ್ಸ್ ಫ್ರಿಜ್‌ಗೆ ಜಗ್ಗಲಿಲ್ಲ. ನಿಜವಾದ ಮೋತಿಬಿಂದು ಬೆಚ್ಚಗೆ ಮಾಡಿದರೆ ಹೋಗುವುದಿಲ್ಲ, ಅಲ್ಲಿ ಪ್ರೊಟೀನೇ ಕೆಟ್ಟು ಗಡ್ಡೆ ಕಟ್ಟಿರುತ್ತದೆ. ಈಗಿನ ನಿಮ್ಮ ಗ್ರಾಫ್‌ನಲ್ಲಿ ವಯಸ್ಸೂ ತಂಪೂ ಕಲಸಿಹೋಗಿವೆ. ಲೆನ್ಸ್ ಇಡುವ ಕ್ಯೂವೆಟ್ಟನ್ನು (ಅಳತೆಯ ಪುಟ್ಟ ಪಾರದರ್ಶಕ ಡಬ್ಬಿ) 37 ಡಿಗ್ರಿ ನೀರಲ್ಲಿಟ್ಟು, ರೀಡಿಂಗ್ ನಿಂತ ಮೇಲೆ ಅಳೆಯಿರಿ. ಡಿಸ್ಟಿಲ್ಡ್ ವಾಟರ್ ಮಾತ್ರ ಮುಟ್ಟಿಸಬೇಡಿ, ಲೆನ್ಸ್ ನೀರು ಕುಡಿದು ಊದಿಕೊಂಡು ಬೇರೆ ಥರ ಮಬ್ಬಾಗುತ್ತದೆ.

ಸುರಪುರ_ಸೋಲ್ಡರ್
ಇರಬಹುದು ಮೇಡಂ. ಆದರೂ ಹೀಟ್ ಸಿಂಕ್ ಬೇಕೇ ಬೇಕು.

ತೊಗರಿನಾಡು_ಫೋಟಾನ್
ಮೇಡಂ, ನೀವು ಹೇಳಿದ್ದೇ ಸರಿ. ಮರಿಯ ಲೆನ್ಸಿರುವ ಗಾಜಿನ ಡಬ್ಬಿಯನ್ನು ಫ್ರಿಜ್‌ನಿಂದ ತೆಗೆದು ಗೆರೆ ಎಳೆದ ಕಾಗದದ ಮೇಲಿಟ್ಟೆ. ಲೆನ್ಸಿನ ನಡುವೆ ಹಾಲಿನ ಹನಿಯಂಥ ಬಿಳಿ ಗುಂಡು. ಡಬ್ಬಿಯನ್ನು ಬೆಚ್ಚನೆ ನೀರಿನ ತಟ್ಟೆಯಲ್ಲಿ ಇಟ್ಟೆ. ಬಿಳಿ ಅಂಚಿನಿಂದ ಒಳಕ್ಕೆ ಕರಗುತ್ತಾ ಬಂತು. ಮತ್ತೆ ಕಾಗದದ ಮೇಲಿಟ್ಟರೆ ಕೆಳಗಿನ ಪೆನ್ಸಿಲ್ ಗೆರೆ ಚೊಕ್ಕವಾಗಿ ಕಂಡಿತು. ಆದರೆ 37ರಲ್ಲಿ ತುಂಬಾ ಹೊತ್ತು ಬಿಟ್ಟರೆ ಎರಡೂ ಲೆನ್ಸುಗಳ ರೀಡಿಂಗ್ ನಿಧಾನಕ್ಕೆ ಏರುತ್ತದೆ. ಅದಕ್ಕೇನು ಮಾಡಲಿ?

ಪಶುವೈದ್ಯೆ_ಬೀದರ್
ಬರೀ ಸಲೈನ್ ಸ್ವಲ್ಪ ಹೊತ್ತಿಗೆ ಮಾತ್ರ. ಜಾಸ್ತಿ ಹೊತ್ತಿಗೆ ಗ್ಲೂಕೋಸ್, ಪೊಟ್ಯಾಸಿಯಂ, ಕ್ಯಾಲ್ಸಿಯಂ ಸರಿಯಾದ ಪ್ರಮಾಣದಲ್ಲಿರುವ ದ್ರಾವಣ ಬೇಕು. ಇನ್ನೊಂದು ಮಾತು, ಅಂಗಡಿಯವರು ಹೇಳಿದ ವಯಸ್ಸು ಬರೆದುಕೊಳ್ಳಬೇಡಿ. ಹಲ್ಲು ನೋಡಿ. ಮರಿಗೆ ಬರೀ ಹಾಲುಹಲ್ಲು ಇರುತ್ತವೆ.

ಭಾಲ್ಕಿ_ಬೆಳಕು
ಚದುರಿಕೆ ಜೊತೆ ಫ್ಲೋರೆಸೆನ್ಸ್ ಕೂಡ ಅಳೆಯಿರಿ, ಅಂದರೆ ಒಂದು ಬಣ್ಣದ ಬೆಳಕು ಹೀರಿ ಇನ್ನೊಂದು ಬಣ್ಣದಲ್ಲಿ ಹೊಳೆಯುವುದು. ನನ್ನ 365 ನ್ಯಾನೋಮೀಟರಿನ ಅಲ್ಟ್ರಾವಯೊಲೆಟ್ ಟಾರ್ಚ್ ಬಿಟ್ಟರೆ ಲೆನ್ಸ್ ನೀಲಿಯಾಗಿ ಹೊಳೆಯುತ್ತದೆ. ವಯಸ್ಸಾದಂತೆ ಆ ಹೊಳಪು ಜಾಸ್ತಿ. ಅದಕ್ಕೆ ಗಾಜಿನ ಕ್ಯೂವೆಟ್ ಸಾಕು. ಪ್ರೊಟೀನಿನಲ್ಲಿರುವ ಟ್ರಿಪ್ಟೋಫಾನ್ ಅನ್ನುವ ಅಮೈನೋ ಆಮ್ಲದ ಹೊಳಪು ನೋಡಬೇಕಾದರೆ 295 ನ್ಯಾನೋಮೀಟರ್ ಬೇಕು, ಅದು ಕ್ವಾರ್ಟ್ಜ್ ಇಲ್ಲದೆ ಆಗುವುದಿಲ್ಲ.

ತೊಗರಿನಾಡು_ಫೋಟಾನ್
ಕಲಬುರಗಿಯಲ್ಲಿ ಯಾರ ಹತ್ತಿರವಾದರೂ ಕ್ವಾರ್ಟ್ಜ್ ಕ್ಯೂವೆಟ್ ಇದೆಯಾ? ಒಂದು ವಾರಕ್ಕೆ ಕೊಟ್ಟರೆ ಸಾಕು.