ಅನ್ಯಾಯವನ್ನು ಕಂಡೂ ಸುಮ್ಮನಿರುವ ಕ್ರೈಸ್ತನು ನಿರ್ದೋಷಿಯೇ?

ಪ್ರಶ್ನೆ:
ಕ್ರಿಸ್ತನಲ್ಲಿ ಪ್ರಿಯರೇ, ನಮ್ಮ ಸಭೆಯ ಸತ್ಯವೇದ ಅಧ್ಯಯನದಲ್ಲಿ ಕಳೆದ ತಿಂಗಳು ಜ್ಞಾನೋಕ್ತಿಗಳ 24ನೆಯ ಅಧ್ಯಾಯವನ್ನು ಓದಿದೆವು. ಕೊಲೆಗೆ ಒಯ್ಯಲ್ಪಡುವವರನ್ನು ಬಿಡಿಸಬೇಕೆಂದು ಹೇಳಿದ ಮೇಲೆ, ನಮಗೆ ತಿಳಿದಿರಲಿಲ್ಲ ಎಂಬ ನೆಪವನ್ನು ಹೃದಯಗಳನ್ನು ತೂಗಿನೋಡುವ ದೇವರು ಒಪ್ಪುವನೇ ಎಂದು ಆ ವಚನ ಕೇಳುತ್ತದೆ. ಅಂದಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ. ನಾನು ಯಾರ ಕೂಲಿಯನ್ನೂ ಹಿಡಿದಿಟ್ಟುಕೊಂಡವನಲ್ಲ, ಗರ್ಭಪಾತಕ್ಕೆ ಯಾರನ್ನೂ ಪ್ರೇರೇಪಿಸಿದವನಲ್ಲ. ಆದರೆ ಎರಡರ ವಿರುದ್ಧವೂ ಇದುವರೆಗೆ ಏನನ್ನೂ ಮಾಡಿಲ್ಲ. ಕೆಡುಕು ಮಾಡದಿರುವುದಷ್ಟೇ ಸಾಕೇ? ನಮ್ಮಲ್ಲಿ ಕೆಲವರು ಗರ್ಭದಲ್ಲಿರುವ ಶಿಶುವಿನ ಪ್ರಶ್ನೆಯೊಂದೇ ನಿಜವಾದ ನೈತಿಕ ಪ್ರಶ್ನೆ, ಬಡತನ ಮತ್ತು ಜನಾಂಗಭೇದದ ಮಾತೆಲ್ಲ ರಾಜಕೀಯ ಎನ್ನುತ್ತಾರೆ. ಬೇರೆ ಕೆಲವರು ಬಡವರ ಪರವಾಗಿ ಗಟ್ಟಿಯಾಗಿ ಮಾತನಾಡಿ, ಗರ್ಭಪಾತದ ವಿಷಯ ಬಂದೊಡನೆ ಅದು ಅವರವರ ಖಾಸಗಿ ವಿಚಾರವೆಂದು ಸುಮ್ಮನಾಗುತ್ತಾರೆ. ಇವೆರಡನ್ನೂ ಹೀಗೆ ಬೇರ್ಪಡಿಸಲು ಆಧಾರವಿದೆಯೇ?

ಉತ್ತರ 1:
ಮೊದಲ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ. ಮಾಡಬೇಕಾದ ಒಳ್ಳೆಯದನ್ನು ತಿಳಿದೂ ಮಾಡದಿರುವುದು ಪಾಪವೆಂದು ಯಾಕೋಬನು ತನ್ನ ಪತ್ರಿಕೆಯಲ್ಲಿ (4:17) ಬರೆದಿದ್ದಾನೆ. ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ ಯಾಜಕನಾಗಲಿ ಲೇವಿಯನಾಗಲಿ ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದಿದ್ದ ಪ್ರಯಾಣಿಕನನ್ನು ಹೊಡೆದವರಲ್ಲ. ಅವರು ನೋಡಿ, ದಾರಿಯ ಆಚೆಯ ಬದಿಯಿಂದ ಹೋದರು, ಅಷ್ಟೇ. ಮತ್ತಾಯ 25ರಲ್ಲಿ ಕ್ರಿಸ್ತನು ಕೊಡುವ ಅಂತಿಮ ತೀರ್ಪಿನಲ್ಲಿ ಎಡಗಡೆಯಲ್ಲಿ ನಿಂತವರ ಮೇಲಿರುವ ದೋಷಾರೋಪಣೆಯೂ ಅವರು ಮಾಡಿದ್ದರ ಬಗ್ಗೆ ಅಲ್ಲ, ಊಟ ಕೊಡಲಿಲ್ಲ, ಬಟ್ಟೆ ಕೊಡಲಿಲ್ಲ, ನೋಡಲು ಬರಲಿಲ್ಲ ಎಂಬುದರ ಬಗ್ಗೆ.

ಎರಡನೆಯ ಪ್ರಶ್ನೆಗೆ ನಾನು ದಿದಖೆಯನ್ನು ತೆರೆದು ತೋರಿಸುತ್ತೇನೆ. ಮೊದಲನೆಯ ಶತಮಾನದ ಕೊನೆ ಅಥವಾ ಎರಡನೆಯದರ ಆರಂಭದ್ದೆಂದು ಹೆಚ್ಚಿನ ವಿದ್ವಾಂಸರು ಎಣಿಸುವ ಈ ಪುಟ್ಟ ಬೋಧನಾಗ್ರಂಥವು ಗರ್ಭಪಾತವನ್ನೂ ಹುಟ್ಟಿದ ಕೂಸನ್ನು ಕೊಲ್ಲುವುದನ್ನೂ ನೇರವಾಗಿ ನಿಷೇಧಿಸುತ್ತದೆ. ಆದರೆ ನಮ್ಮ ವಾದಗಳಲ್ಲಿ ಯಾರೂ ನೆನೆಯದ ಭಾಗ ಅದರ ಐದನೆಯ ಅಧ್ಯಾಯದಲ್ಲಿದೆ. ಅಲ್ಲಿ ಮರಣಮಾರ್ಗದಲ್ಲಿ ನಡೆಯುವವರನ್ನು ಹೆಸರಿಸುವಾಗ, ಮಕ್ಕಳನ್ನು ಕೊಲ್ಲುವವರ ಜೊತೆಯಲ್ಲೇ, ಒಂದೇ ಉಸಿರಿನಲ್ಲಿ, ದಿಕ್ಕಿಲ್ಲದವನಿಗೆ ಬೆನ್ನು ತಿರುಗಿಸುವವರು, ಕಷ್ಟದಲ್ಲಿರುವವನನ್ನು ತುಳಿಯುವವರು, ಶ್ರೀಮಂತರ ಪರವಾಗಿ ವಾದಿಸುವವರು, ಬಡವರಿಗೆ ಅನ್ಯಾಯದ ತೀರ್ಪು ಕೊಡುವವರು ಬರುತ್ತಾರೆ. ಕಥೋಲಿಕ ಧರ್ಮಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಜಾರಿಗೊಳಿಸಿದ, ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯ ಕುರಿತ ಸಂವಿಧಾನದ 27ನೆಯ ಪರಿಚ್ಛೇದದಲ್ಲಿ ಗರ್ಭಪಾತವನ್ನು ಗುಲಾಮಗಿರಿ, ಮನುಷ್ಯರು ವಾಸಿಸಲಾಗದ ಪರಿಸ್ಥಿತಿ, ಕೆಲಸಗಾರರನ್ನು ಬರಿಯ ಉಪಕರಣಗಳಂತೆ ನಡೆಸಿಕೊಳ್ಳುವುದು ಇವುಗಳ ಸಾಲಿನಲ್ಲೇ ಇಟ್ಟಿತು. ಅರ್ಧ ಪಟ್ಟಿಯನ್ನು ಓದಿ ಪುಸ್ತಕ ಮುಚ್ಚುವುದು ನಮ್ಮ ಕಾಲದ ರೂಢಿ.

ಉತ್ತರ 2:
ಮೇಲಿನ ಸಹೋದರರ ಮಾತನ್ನು ಒಪ್ಪುತ್ತೇನೆ. ಆದರೆ ವಿರೋಧಿಸುವುದು ಎಂದರೆ ಏನು ಎಂಬುದನ್ನು ಹೇಳದೆ ಈ ಚರ್ಚೆ ಮುಗಿಯಬಾರದು. ನಾನು ಹನ್ನೊಂದು ವರ್ಷಗಳಿಂದ ದಿಕ್ಕು ತೋಚದ ಗರ್ಭಿಣಿಯರ ಜೊತೆ ಕುಳಿತು ಅವರ ಮಾತು ಕೇಳುವ ಸೇವೆಯಲ್ಲಿದ್ದೇನೆ. ಮಗು ಬೇಡವೆಂದು ಬಂದವರಿಗಿಂತ, ಮಗುವನ್ನು ಇಟ್ಟುಕೊಂಡರೆ ಕೆಲಸ ಹೋಗುತ್ತದೆ, ಮನೆಯಿಂದ ಹೊರಹಾಕುತ್ತಾರೆ, ಅವನು ಬಿಟ್ಟುಹೋಗುತ್ತಾನೆ ಎಂದು ಬಂದವರನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಒಮ್ಮೆ ಒಂದು ಸಭೆಯಲ್ಲಿ ಮದುವೆಯಾಗದೆ ಬಸಿರಾದ ಹುಡುಗಿಯನ್ನು ಎಲ್ಲರೆದುರು ನಿಲ್ಲಿಸಿ ಕ್ಷಮೆ ಕೇಳಿಸಿದರು. ಆ ಮಗುವಿನ ತಂದೆ ಮೂರನೆಯ ಸಾಲಿನಲ್ಲಿ ಕುಳಿತಿದ್ದ. ಅವನನ್ನು ಯಾರೂ ಏಳಿಸಲಿಲ್ಲ. ಆ ದಿನ ಅಲ್ಲಿದ್ದ ಹೆಣ್ಣುಮಕ್ಕಳು ಏನು ಕಲಿತಿರಬೇಕೆಂದು ನೆನೆದರೆ ಈಗಲೂ ಸಂಕಟವಾಗುತ್ತದೆ: ಬಸಿರು ಕಾಣಿಸಿಕೊಳ್ಳುವ ಮೊದಲೇ ಅದನ್ನು ತೆಗೆಸಿಕೊಳ್ಳುವುದು ಕ್ಷೇಮ ಎಂಬುದನ್ನು ಸಭೆಯೇ ಅವರಿಗೆ ಕಲಿಸಿತು.

ಪೋಪ್ ಎರಡನೆಯ ಜಾನ್ ಪಾಲ್ 1995ರ ತಮ್ಮ ಪರಿಪತ್ರದಲ್ಲಿ ಗರ್ಭಪಾತವನ್ನು ಯಾವ ಸಡಿಲಿಕೆಯೂ ಇಲ್ಲದೆ ಖಂಡಿಸಿದರು. ಅದೇ ಬರಹದಲ್ಲಿ, ತಾಯಿಯ ಮೇಲೆ ಒತ್ತಡ ಹೇರುವ ಅಥವಾ ಅವಳನ್ನು ಒಂಟಿಯಾಗಿ ಬಿಡುವ ತಂದೆಯ ದೋಷವನ್ನೂ, ಮನೆಯವರ ಮತ್ತು ಗೆಳೆಯರ ಒತ್ತಡವನ್ನೂ ಹೆಸರಿಸಿದರು, ಗರ್ಭಪಾತ ಮಾಡಿಸಿಕೊಂಡ ಸ್ತ್ರೀಯರಿಗೆ ನಿರೀಕ್ಷೆಯನ್ನು ಕಳೆದುಕೊಳ್ಳಬೇಡಿರೆಂದು ನೇರವಾಗಿ ಹೇಳಿದರು. ನಾತ್ಸಿಗಳನ್ನು ವಿರೋಧಿಸಿ 1945ರಲ್ಲಿ ಗಲ್ಲಿಗೇರಿದ ಸಭಾಪಾಲಕ ಡೀಟ್ರಿಚ್ ಬೋನ್‌ಹೋಫರ್ ಅವರೂ ಗರ್ಭಪಾತವನ್ನು ಕೊಲೆಯೆಂದೇ ಕರೆದರು. ಆದರೆ ಕಡುಬಡತನದ ನಿರಾಶೆಯಲ್ಲಿ ಅದು ನಡೆದಾಗ ದೋಷವು ಅನೇಕ ಸಲ ಆ ವ್ಯಕ್ತಿಗಿಂತ ಸಮುದಾಯದ ಮೇಲೆಯೇ ಇರುತ್ತದೆ ಎಂದೂ ಬರೆದರು. ಆದ್ದರಿಂದ ಇವೆರಡೂ ಬೇರೆ ಪ್ರಶ್ನೆಗಳಲ್ಲ, ಸಹೋದರರೇ. ಹೆರಿಗೆಯ ಖರ್ಚು, ನೆಲೆ, ಕೆಲಸದ ಭದ್ರತೆ, ಮಗುವನ್ನು ನೋಡಿಕೊಳ್ಳುವ ಕೈಗಳು ಇವುಗಳನ್ನು ಒದಗಿಸಲು ಸಿದ್ಧವಿಲ್ಲದ ಸಭೆಯು ಆ ಹುಡುಗಿಗೆ ಹೇಳುವ "ಮಗುವನ್ನು ಉಳಿಸಿಕೋ" ಎಂಬ ಮಾತು, ಬತ್ತಲೆಯಾಗಿರುವವನಿಗೆ ಬೆಚ್ಚಗಿರು ಎಂದು ಹೇಳಿ ಕಳುಹಿಸಿದಂತೆ. ಯಾಕೋಬನು ಅದನ್ನೂ ಬರೆದಿದ್ದಾನೆ (2:15-16).

ಉತ್ತರ 3:
ಒಂದು ಎಚ್ಚರಿಕೆಯ ಮಾತು. ಹೊಡೆದಾಟದಲ್ಲಿ ಗರ್ಭಿಣಿಗೆ ಏಟು ಬಿದ್ದಾಗ ಕೊಡಬೇಕಾದ ದಂಡವನ್ನು ಹೇಳುವ ವಿಮೋಚನಕಾಂಡ 21:22ರ ಅರ್ಥದ ಬಗ್ಗೆ ಭಾಷಾಂತರಕಾರರಲ್ಲೇ ಒಮ್ಮತವಿಲ್ಲ. ತಾಯಿಯ ಜೀವಕ್ಕೆ ಅಪಾಯವಿರುವ ಸಂದರ್ಭದ ಬಗ್ಗೆ ಸಭೆಗಳ ನಿಲುವುಗಳೂ ಒಂದೇ ಆಗಿಲ್ಲ. ಹಾಗಾಗಿ ನಮಗಿಂತ ಭಿನ್ನವಾಗಿ ಯೋಚಿಸುವ ಪ್ರತಿಯೊಬ್ಬ ವಿಶ್ವಾಸಿಯನ್ನೂ ದ್ರೋಹಿಯೆಂದು ಕರೆಯಬಾರದು. ಮಾರ್ಗವೂ ಶುದ್ಧವಾಗಿರಬೇಕು. ಅಮೆರಿಕದಲ್ಲಿ 1993ರಿಂದೀಚೆಗೆ ಜೀವಪರವೆಂದು ಹೇಳಿಕೊಂಡು ವೈದ್ಯರನ್ನು ಗುಂಡಿಟ್ಟು ಕೊಂದವರಿದ್ದಾರೆ. ಅದು ಕೊಲೆಯೇ ಹೊರತು ಸಾಕ್ಷಿಯಲ್ಲ. ಅನ್ಯಾಯದ ಕಾನೂನನ್ನು ಮೀರುವವನು ಬಹಿರಂಗವಾಗಿ, ಪ್ರೀತಿಯಿಂದ, ಶಿಕ್ಷೆಯನ್ನು ಅನುಭವಿಸಲು ಸಿದ್ಧನಾಗಿ ಮೀರಬೇಕೆಂದು ಮಾರ್ಟಿನ್ ಲೂಥರ್ ಕಿಂಗ್ 1963ರಲ್ಲಿ ಬರ್ಮಿಂಗ್‌ಹ್ಯಾಮ್ ಸೆರೆಮನೆಯಿಂದ ಬರೆದರು. ತಾಳ್ಮೆಯೂ ಬೇಕು: ಬ್ರಿಟನ್ನಿನ ಗುಲಾಮ ವ್ಯಾಪಾರದ ವಿರುದ್ಧ ಅಲ್ಲಿನ ಸಂಸದ ವಿಲಿಯಂ ವಿಲ್ಬರ್‌ಫೋರ್ಸ್ ಮಂಡಿಸಿದ ಮಸೂದೆ 1791ರಲ್ಲಿ ಬಿದ್ದುಹೋಯಿತು, ವ್ಯಾಪಾರ ನಿಂತದ್ದು 1807ರಲ್ಲಿ, ಗುಲಾಮಗಿರಿಯನ್ನೇ ರದ್ದುಮಾಡುವ ಕಾಯಿದೆ ಬಂದದ್ದು 1833ರಲ್ಲಿ. ಆ ನಡುವೆ ಸಂಸತ್ತಿನಲ್ಲಿ ಮತವಿಲ್ಲದ ಸಾಮಾನ್ಯ ಹೆಂಗಸರು ಗುಲಾಮರು ಬೆಳೆದ ಸಕ್ಕರೆಯನ್ನು ಕೊಳ್ಳದೆ ತಮ್ಮ ಪಾಲಿನ ಕೆಲಸವನ್ನು ಮಾಡಿದರು.

ಪ್ರಶ್ನೆ ಕೇಳಿದವರಿಂದ:
ನಿಮ್ಮೆಲ್ಲರಿಗೂ ವಂದನೆಗಳು. ಮೂರನೆಯ ಸಾಲಿನಲ್ಲಿ ಕುಳಿತಿದ್ದವನ ಮಾತು ನನ್ನನ್ನು ಹೆಚ್ಚು ತಟ್ಟಿತು, ಏಕೆಂದರೆ ಅಂಥದ್ದೇ ಒಂದು ಭಾನುವಾರ ನಾನೂ ಸುಮ್ಮನೆ ಕುಳಿತಿದ್ದೆ. ಆ ಹುಡುಗಿ ಮತ್ತೆ ನಮ್ಮ ಸಭೆಗೆ ಬರಲಿಲ್ಲ, ಎಲ್ಲಿದ್ದಾಳೆಂದು ನಾವಾರೂ ವಿಚಾರಿಸಲೂ ಇಲ್ಲ. ಈ ವಾರ ನಮ್ಮ ಸಭಾಪಾಲಕರನ್ನು ಕಂಡು, ಬಹಿರಂಗವಾಗಿ ಕ್ಷಮೆ ಕೇಳಿಸುವ ಆ ಪದ್ಧತಿಯನ್ನು ಕೈಬಿಡಬೇಕೆಂದು ವಿನಂತಿಸುತ್ತೇನೆ. ಅವಳನ್ನು ಹುಡುಕಲು ಹೊರಟರೆ ಅವಳಿಗೆ ಇನ್ನಷ್ಟು ನೋವಾದೀತೇ ಎಂಬುದು ನನಗೆ ತಿಳಿಯುತ್ತಿಲ್ಲ. ಸೇವೆಯಲ್ಲಿರುವ ಸಹೋದರಿಯವರು ದಯವಿಟ್ಟು ಹೇಳಬೇಕು.