ಪದಚರ್ಚೆ: ಜೀವಕೋಶಗಳ ವಿದ್ಯುತ್ತು ಸಂದೇಶವೋ, ಸುಳಿವೋ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ಮೈಯೊಳಗಿನ ಜೀವಕೋಶಗಳು ತಾವೇ ಹುಟ್ಟಿಸುವ ವಿದ್ಯುತ್ತು ಅಂಗಾಂಶಗಳನ್ನು ಹೇಗೆ ಅಣಿಗೊಳಿಸುತ್ತದೆ ಎಂಬುದು ವಿಷಯ. ಇಂಗ್ಲಿಷ್ ಬರಹಗಳು ‘ಎಲೆಕ್ಟ್ರಿಕಲ್ ಸಿಗ್ನಲ್’ ಎಂದು ಹೇಳಿ ಮುಂದೆ ಹೋಗಿಬಿಡುತ್ತವೆ. ನನಗೆ ಆ ಸಿಗ್ನಲ್‌ನಲ್ಲೇ ಕಾಲು ಸಿಕ್ಕಿಕೊಂಡಿದೆ. ಸಂಕೇತ, ಸಂದೇಶ, ಸೂಚನೆ, ಸನ್ನೆ, ಒಬ್ಬರು ಹೇಳಿದ ‘ಆದೇಶ’ ಕೂಡ, ಎಲ್ಲವನ್ನೂ ಹಾಕಿ ನೋಡಿದೆ. ಒಂದೂ ಸರಿಯಾಗಿ ಕೂರುತ್ತಿಲ್ಲ. ಯಾಕೆ ಎಂಬುದು ಗಾಯದ ಉದಾಹರಣೆಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಚರ್ಮದ ಮೇಲ್ಪದರದ ಕೋಶಗಳು ಸೋಡಿಯಂ ಅಯಾನುಗಳನ್ನು (ಉಪ್ಪಿನ, ವಿದ್ಯುದಂಶ ಹೊತ್ತ ಕಣಗಳನ್ನು) ಸದಾ ಒಳಮುಖವಾಗಿ ತಳ್ಳುತ್ತಿರುತ್ತವೆ. ಅದರಿಂದ ಪದರದ ಹೊರಗೂ ಒಳಗೂ ನಡುವೆ ಹತ್ತಾರು ಮಿಲಿವೋಲ್ಟ್‌ಗಳ ವಿಭವಾಂತರ (ವೋಲ್ಟೇಜು) ನಿಂತಿರುತ್ತದೆ, ಒಳಭಾಗ ಧನ. ಬ್ಲೇಡು ತಾಗಿ ಚರ್ಮ ಕೊಯ್ದುಕೊಂಡಿತು ಎನ್ನಿ. ಕೊಯ್ದ ಜಾಗದಲ್ಲಿ ತಡೆ ಇಲ್ಲ, ಅಯಾನುಗಳು ಅಲ್ಲಿಂದ ಸೋರುತ್ತವೆ, ವಿಭವಾಂತರ ಅಲ್ಲಿ ಕುಸಿಯುತ್ತದೆ. ಸುತ್ತಲಿನ ಗಟ್ಟಿ ಚರ್ಮದಲ್ಲಿ ಮಾತ್ರ ಅದು ಹಾಗೇ ಇರುತ್ತದೆ. ಹೀಗಾಗಿ ಗಾಯದ ಅಂಚಿನಲ್ಲಿ ಚರ್ಮದ ಮೇಲ್ಮೈಗೆ ಸಮಾನಾಂತರವಾಗಿ ಒಂದು ವಿದ್ಯುತ್ ಕ್ಷೇತ್ರ ಏಳುತ್ತದೆ. ಗಿನಿಯಿಲಿಯ ಚರ್ಮದಲ್ಲಿ ಅಳೆದಾಗ ಸಿಕ್ಕಿದ್ದು ಮಿಲಿಮೀಟರಿಗೆ 100 ಮಿಲಿವೋಲ್ಟ್‌ಗೂ ಮಿಕ್ಕಿದ ಬಲ. ಈ ಕ್ಷೇತ್ರದಲ್ಲಿ ಗಾಯದ ನಡು ಋಣ. ಚರ್ಮದ ಕೋಶಗಳು ಋಣದ ಕಡೆಗೆ, ಅಂದರೆ ಗಾಯದ ಕಡೆಗೆ, ತೆವಳುತ್ತಾ ಸಾಗುತ್ತವೆ.

ಗಾಯದಿಂದ ಸೋರುವ ಅಯಾನುಗಳ ಈ ವಿದ್ಯುತ್ ಪ್ರವಾಹ ಹೊಸದಾಗಿ ಕಂಡದ್ದೇನಲ್ಲ. ಜರ್ಮನಿಯ ಶರೀರವಿಜ್ಞಾನಿ ಎಮಿಲ್ ದು ಬ್ವಾ-ರೇಮೊಂಡ್ 1843ರಲ್ಲೇ ತನ್ನ ಬೆರಳನ್ನು ಕೊಯ್ದುಕೊಂಡು ಅಳೆದಿದ್ದ! ಆದರೆ ಅದು ಗಾಯದ ಪಕ್ಕದ ಗದ್ದಲವೋ ಅಥವಾ ನಿಜಕ್ಕೂ ಕೋಶಗಳನ್ನು ನಡೆಸುತ್ತದೆಯೋ ಎಂಬ ಅನುಮಾನ ಬಹಳ ಕಾಲ ಉಳಿಯಿತು. 2006ರಲ್ಲಿ ಜೀವವಿಜ್ಞಾನಿ ಮಿನ್ ಝಾವೋ ಮತ್ತು ಸಂಗಡಿಗರು ನೇಚರ್ ವಿಜ್ಞಾನ ಪತ್ರಿಕೆಯಲ್ಲಿ ತೋರಿಸಿದ್ದು ಸ್ವಾರಸ್ಯವಾಗಿದೆ. ಹೊರಗಿನಿಂದ ಕ್ಷೇತ್ರ ಕೊಟ್ಟು ದಿಕ್ಕನ್ನು ತಿರುಗುಮುರುಗು ಮಾಡಿದರೆ ಕೋಶಗಳು ಗಾಯವನ್ನು ಮುಚ್ಚುವ ಬದಲು ಅದಕ್ಕೆ ಬೆನ್ನು ಹಾಕಿ ಹೊರಟುಬಿಡುತ್ತವೆ. ಪಕ್ಕದಲ್ಲೇ ಖಾಲಿ ಜಾಗ ಇದ್ದರೂ ಅದನ್ನು ಲೆಕ್ಕಿಸುವುದಿಲ್ಲ.

ಈಗ ಹೇಳಿ, ಇಲ್ಲಿ ‘ಸಂದೇಶ’ ಯಾರು ಕಳಿಸಿದರು? ಯಾರೂ ಇಲ್ಲ. ಉಪ್ಪು ಸೋರಿತು, ಕ್ಷೇತ್ರ ಎದ್ದಿತು, ಕೋಶಗಳು ಅದನ್ನು ಓದಿಕೊಂಡವು. ಸಂದೇಶಕ್ಕೂ ಸನ್ನೆಗೂ ಕೊಡುವವನೊಬ್ಬ ಬೇಕು. ಸಂಕೇತಕ್ಕೆ ಮೊದಲೇ ಆದ ಒಪ್ಪಂದ ಬೇಕು. ಆದೇಶದ ಮಾತಂತೂ ಬಿಡಿ, ಅದು ಸರ್ಕಾರಿ ಕಚೇರಿಯ ಪದ. ನನಗೆ ಒಗ್ಗುತ್ತಿರುವುದು ‘ಸುಳಿವು’. ‘ಮಳೆಯ ಸುಳಿವೇ ಇಲ್ಲ’ ಎನ್ನುವಾಗ ಮೋಡ ನಮಗೆ ಏನನ್ನೂ ಕಳಿಸಬೇಕೆಂದು ನಾವು ನಿರೀಕ್ಷಿಸುವುದಿಲ್ಲ, ಓದುವ ಕೆಲಸ ನಮ್ಮದೇ. ಜೊತೆಗೆ ‘ಗಾಳಿ ಸುಳಿಯಿತು’ ಎಂಬಲ್ಲಿನ ಚಲನೆಯ ಛಾಯೆಯೂ ಅದರಲ್ಲಿದೆ. ತೊಂದರೆ ಒಂದೇ: ಪತ್ರಿಕೆಗಳು ಸುಳಿವನ್ನು ಕಳ್ಳರಿಗೂ ಪೊಲೀಸರಿಗೂ ಬರೆದುಕೊಟ್ಟುಬಿಟ್ಟಿವೆ. ಮಕ್ಕಳಿಗೆ ಮೊದಲು ನೆನಪಾಗುವುದು ಅದೇ ಇರಬಹುದು.

ಇನ್ನೊಂದು ಉದಾಹರಣೆ ನನ್ನ ವಾದವನ್ನು ಸ್ವಲ್ಪ ಅಲ್ಲಾಡಿಸುತ್ತದೆ. ಹತ್ತನೇ ತರಗತಿಯ ಪಾಠದಲ್ಲಿ ಬರುವ ಪ್ಲನೇರಿಯಾ ಎಂಬ ಚಪ್ಪಟೆ ಹುಳು ಗೊತ್ತಲ್ಲ, ತುಂಡರಿಸಿದರೆ ಪ್ರತಿ ತುಂಡೂ ಪೂರ್ತಿ ಹುಳುವಾಗುತ್ತದೆ. ಅದರ ಅಕ್ಕಪಕ್ಕದ ಕೋಶಗಳು ಸಣ್ಣ ಕಿಂಡಿಗಳ ಮೂಲಕ ಅಯಾನುಗಳನ್ನು ಹಂಚಿಕೊಳ್ಳುತ್ತವೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಮೈಕೆಲ್ ಲೆವಿನ್ ಅವರ ತಂಡ ಕತ್ತರಿಸಿದ ತುಂಡುಗಳಲ್ಲಿ ಈ ಕಿಂಡಿಗಳನ್ನು ರಾಸಾಯನಿಕದಿಂದ ಕೆಲಕಾಲ ಮುಚ್ಚಿದಾಗ ಕೆಲವು ತುಂಡುಗಳಿಗೆ ಎರಡೂ ತುದಿಯಲ್ಲಿ ತಲೆ ಬಂತು. ಆಮೇಲೆ ಬರೀ ನೀರಿನಲ್ಲಿ ಮತ್ತೆ ಕತ್ತರಿಸಿದರೂ ಎರಡು ತಲೆಯೇ. ಜೀನುಗಳನ್ನು ಯಾರೂ ಮುಟ್ಟಿರಲಿಲ್ಲ. ಇಲ್ಲಿ ಕೋಶದಿಂದ ಕೋಶಕ್ಕೆ ಏನೋ ಹೋಗುತ್ತದೆ ಎಂಬುದಂತೂ ನಿಜ. ಇಲ್ಲಿ ‘ಸಂದೇಶ’ ಅಂದರೆ ತಪ್ಪಾಗದು. ಒಂದೇ ಲೇಖನದಲ್ಲಿ ಗಾಯಕ್ಕೆ ಸುಳಿವು, ಹುಳುವಿಗೆ ಸಂದೇಶ ಎಂದು ಎರಡು ಪದ ಬಳಸಬಹುದೇ? ಬಳಸಬೇಕು ಎಂಬ ಕಡೆಗೆ ನನ್ನ ಮನಸ್ಸು ವಾಲಿದೆ.

ಅಂದಹಾಗೆ ಆ ಕಿಂಡಿಗೆ ‘ಗ್ಯಾಪ್ ಜಂಕ್ಷನ್’ ಎಂಬ ಹೆಸರಿದೆ. ಪದಕ್ಕೆ ಪದ ಇಟ್ಟು ‘ಅಂತರಸಂಧಿ’ ಮಾಡಿದರೆ ಲೋಪಸಂಧಿಯ ತಮ್ಮನ ಹಾಗೆ ಕೇಳಿಸುತ್ತದೆ. ‘ಕೋಶಕಿಂಡಿ’ ಎಂದೇ ಇಟ್ಟುಕೊಳ್ಳುತ್ತೇನೆ, ಆಕ್ಷೇಪ ಇದ್ದವರು ತಿಳಿಸಿ.

ಬಯೋಎಲೆಕ್ಟ್ರಿಸಿಟಿಗೆ ‘ಜೈವಿಕ ವಿದ್ಯುತ್’ ಬೇಡ. ಜೈವಿಕ ಅನಿಲ, ಜೈವಿಕ ಇಂಧನ ಕೇಳಿ ಬೆಳೆದ ಮಕ್ಕಳಿಗೆ ಅದು ಸಗಣಿಯಿಂದ ತೆಗೆದ ಕರೆಂಟು ಅನಿಸುತ್ತದೆ. ‘ಜೀವವಿದ್ಯುತ್’ ಸಾಕು. ಗೆಳೆಯರೊಬ್ಬರು ‘ಮೈಮಿಂಚು’ ಎಂದರು. ಚೆಂದದ ಪದ, ಆದರೆ ಮಿಂಚು ಮಿಂಚಿ ಮಾಯವಾಗುತ್ತದೆ, ಗಾಯದ ಪ್ರವಾಹ ಗಂಟೆಗಟ್ಟಲೆ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಸಂಸ್ಕೃತದ ‘ವಿದ್ಯುತ್’ಗೂ ಮೂಲದಲ್ಲಿ ಮಿಂಚೆಂದೇ ಅರ್ಥ ಎಂದು ನೀವು ಹೇಳಬಹುದು. ಹೌದು, ಆದರೆ ಕನ್ನಡದ ಓದುಗನಿಗೆ ಅದು ಮರೆತುಹೋಗಿದೆ, ಮಿಂಚು ಮರೆತಿಲ್ಲ.

ಕೊನೆಗೆ ನಿಜವಾಗಿ ಉತ್ತರ ಬೇಕಾಗಿರುವುದು ‘ಗ್ಯಾಲ್ವನೋಟ್ಯಾಕ್ಸಿಸ್’ಗೆ, ಕ್ಷೇತ್ರದ ದಿಕ್ಕು ಹಿಡಿದು ಕೋಶ ಸಾಗುವುದಕ್ಕೆ. ಪಠ್ಯಪುಸ್ತಕದ ‘ಅನುವರ್ತನೆ’ ಸಸ್ಯ ಬಾಗುವುದಕ್ಕೆ ಮೀಸಲಾಗಿದೆ. ಕೋಶ ಇಲ್ಲಿ ಬಾಗುತ್ತಿಲ್ಲ, ಜಾಗ ಬಿಟ್ಟು ಹೊರಡುತ್ತಿದೆ. ‘ವಿದ್ಯುತ್ಸರಣ’ ಎಂದು ಬರೆದೆ. ಓದಿದ ಇಬ್ಬರೂ ‘ವಿದ್ಯುತ್ ಪ್ರಸರಣ ನಿಗಮವೇ?’ ಎಂದು ಕೇಳಿದರು. ‘ವಿದ್ಯುದನುಚಲನೆ’ ಅರ್ಥಕ್ಕೆ ಹತ್ತಿರವಿದೆ, ನಾಲಿಗೆಗೆ ದೂರ. ಸದ್ಯಕ್ಕೆ ‘ಕೋಶಗಳು ವಿದ್ಯುತ್ತಿನ ಜಾಡು ಹಿಡಿದು ಸಾಗುತ್ತವೆ’ ಎಂದು ವಾಕ್ಯವಾಗಿಯೇ ಬಿಟ್ಟಿದ್ದೇನೆ, ಆದರೆ ಚಿತ್ರದ ಕೆಳಗೆ ಬರೆಯಲು ಒಂದು ನಾಮಪದ ಬೇಕು. ಜೀವಶಾಸ್ತ್ರ ಪಾಠ ಮಾಡುವವರು ತರಗತಿಯಲ್ಲಿ ಏನೆನ್ನುತ್ತೀರಿ?